ಕೊಡಗಿನ ಕಾಡು, ಅಬ್ಬಿ, ಕೆರೆ: ನೋಡೋಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ದಕ್ಷಿಣ ಕೊಡಗಿನಲ್ಲಿ, ಪೊನ್ನಂಪೇಟೆ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಜೂನ್ ಬಂತೆಂದರೆ ಫೋನ್ ಶುರು. ಬೆಂಗಳೂರಿನ ನೆಂಟರು, ಮೈಸೂರಿನ ಸ್ನೇಹಿತರು, ಅವರ ಆಫೀಸಿನವರು, ಎಲ್ಲರದ್ದೂ ಒಂದೇ ಮಾತು: "ಫಾಲ್ಸ್ ತುಂಬಿದೆಯಾ? ಯಾವಾಗ ಬರೋಣ? ಎಲ್ಲಿಗೆ ಹೋಗೋಣ?" ಎಷ್ಟು ಸಲ ಕೇಳಿದರೂ ನನಗೆ ಹೇಳೋಕೆ ಬೇಸರ ಇಲ್ಲ. ಆದರೂ ಒಂದು ಕಡೆ ಬರೆದಿಟ್ಟರೆ ಇನ್ನಷ್ಟು ಜನಕ್ಕೆ ಉಪಯೋಗ ಆಗುತ್ತದೆ ಅನ್ನಿಸಿತು. ಒಂದು ಆಸೆಯೂ ಇದೆ. ಇಲ್ಲಿ ನೀರು ನೋಡುವವರು ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ತಿಳಿದು ನೋಡಲಿ ಅಂತ.

ಕೊಡಗಿನ ರಾಷ್ಟ್ರೀಯ ಉದ್ಯಾನ ಯಾವುದು? ಜಲಪಾತಗಳೆಲ್ಲ ಅದರ ಒಳಗೇ ಇವೆಯಾ?

ನಾಗರಹೊಳೆ. ಕೊಡಗು, ಮೈಸೂರು ಎರಡೂ ಜಿಲ್ಲೆಗಳಲ್ಲಿ ಹರಡಿರುವ ಕಾಡು. 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಹಾವಿನಂತೆ ಬಳುಕಿ ಹರಿಯುವ ಹೊಳೆ ಅಂತ ಆ ಹೆಸರು.

ಆದರೆ ನೀವು ಫೋಟೊದಲ್ಲಿ ನೋಡಿದ ಜಲಪಾತಗಳು ಉದ್ಯಾನದ ಒಳಗಿಲ್ಲ. ನೀರು ಧುಮುಕಬೇಕಾದರೆ ಎತ್ತರದ ಬೆಟ್ಟ ಬೇಕಲ್ವಾ? ನಾಗರಹೊಳೆ ಹೆಚ್ಚುಕಮ್ಮಿ ತಗ್ಗು ದಿಬ್ಬಗಳ ಕಾಡು. ಅಲ್ಲಿ ಹೊಳೆಗಳು ನಿಧಾನ ಹರಿಯುತ್ತವೆ, ಕೆರೆಗಳು ನಿಲ್ಲುತ್ತವೆ. ಧುಮುಕುವ ನೀರೆಲ್ಲ ಅದರ ಪಶ್ಚಿಮಕ್ಕೆ, ಬ್ರಹ್ಮಗಿರಿ ಮತ್ತು ಪುಷ್ಪಗಿರಿ ಕಡೆಯ ಘಟ್ಟದಲ್ಲಿದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ವನ್ಯಜೀವಿ ಅಭಯಾರಣ್ಯಗಳು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಮೂರೂ ಅದರಲ್ಲಿ ಸೇರಿದವು. ಇನ್ನು ಕೆಲವು ಅಬ್ಬಿಗಳು, ಅಂದರೆ ಜಲಪಾತಗಳು, ಕಾಫಿ ತೋಟಗಳ ನಡುವೆಯೇ ಇವೆ.

ಹಾಗಾಗಿ "ನಾಗರಹೊಳೆಗೆ ಹೋಗಿ ಫಾಲ್ಸ್ ನೋಡಿ ಬರ್ತೀವಿ" ಅಂದರೆ ಆಗುವುದಿಲ್ಲ. ಕಾಡು ಒಂದು ದಿನ, ಅಬ್ಬಿ ಒಂದು ದಿನ ಅಂತ ಇಟ್ಟುಕೊಳ್ಳಿ.

ಒಂದೇ ಒಂದು ಜಲಪಾತ ನೋಡೋಕೆ ಸಮಯ ಇದೆ. ಯಾವುದಕ್ಕೆ ಹೋಗಲಿ?

ಇರ್ಪು. ನಮ್ಮ ಕಡೆಯದು ಅನ್ನುವ ಅಭಿಮಾನ ಇದೆ, ಒಪ್ಪುತ್ತೇನೆ. ಆದರೆ ಅಭಿಮಾನ ಬದಿಗಿಟ್ಟು ಹೇಳಿದರೂ ಇರ್ಪು ಅಂತಲೇ ಹೇಳುತ್ತೇನೆ.

ಶ್ರೀಮಂಗಲ ದಾಟಿ ಕುಟ್ಟದ ಕಡೆ ಹೋಗುವಾಗ ಬಲಕ್ಕೆ ತಿರುಗಬೇಕು. ಮಡಿಕೇರಿಯಿಂದ ಸುಮಾರು 80, ವಿರಾಜಪೇಟೆಯಿಂದ 48 ಕಿಲೋಮೀಟರ್. ಕೆಲವರು ಇರುಪ್ಪು ಅಂತಲೂ ಬರೆಯುತ್ತಾರೆ, ಎರಡೂ ಒಂದೇ. ಗದ್ದೆ ಬಯಲು ಮುಗಿದು ಬೆಟ್ಟ ಶುರುವಾಗುವ ಕಡೆ ರಾಮೇಶ್ವರ ದೇವಸ್ಥಾನ. ಅಲ್ಲಿ ಕೈಮುಗಿದು, ಚೆಕ್‌ಪೋಸ್ಟಿನಲ್ಲಿ ಟಿಕೆಟ್ ತೆಗೆದುಕೊಂಡು, ಮರಗಳ ಕೆಳಗೆ ಮೆಟ್ಟಿಲು ಹತ್ತಬೇಕು.

ಇಲ್ಲಿ ನೀರು ಕಾಣುವ ಮೊದಲು ಕೇಳುತ್ತದೆ. ಆಮೇಲೆ ತಣ್ಣಗೆ ಮುಖಕ್ಕೆ ತಾಗುತ್ತದೆ. ಕನ್ನಡಕ ಹಾಕಿದವರು ಎರಡು ಸಲ ಒರೆಸಿಕೊಳ್ಳುವಷ್ಟರಲ್ಲಿ ಎದುರಿಗೆ ಬಂಡೆ. ಸುಮಾರು 170 ಅಡಿ ಎತ್ತರದಿಂದ, ಒಂದೇ ಜಿಗಿತಕ್ಕಲ್ಲ, ಹಂತ ಹಂತವಾಗಿ ಇಳಿಯುತ್ತದೆ. ಮೇಲಿನ ಹಂತದಲ್ಲಿ ಬಿಳಿ ಸೀರೆ ಒಣಗಿಸಿದ ಹಾಗೆ, ಕೆಳಗೆ ಬಂದಾಗ ಬಂಡೆಗೆ ಬಡಿದು ನುಚ್ಚುನೂರು. ಮಳೆ ಬಿಟ್ಟ ಬಿಸಿಲಿನ ದಿನ ಹೋದರೆ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪುಗುಂಪಾಗಿ ಕೂತಿರುತ್ತವೆ. ಕಾಲಿಡುವಾಗ ಸ್ವಲ್ಪ ನೋಡಿ.

ಈ ನೀರೇ ಲಕ್ಷ್ಮಣ ತೀರ್ಥ ನದಿ. ಸೀತೆಯನ್ನು ಹುಡುಕುತ್ತ ಈ ಕಡೆ ಬಂದಾಗ ರಾಮನಿಗೆ ಬಾಯಾರಿತಂತೆ. ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ಶಿವರಾತ್ರಿಗೆ ಇಲ್ಲಿ ಜಾತ್ರೆ. ಆ ದಿನ ಈ ನೀರಲ್ಲಿ ಮಿಂದರೆ ಪಾಪ ಕಳೆಯುತ್ತದೆ ಅನ್ನುವುದು ನಂಬಿಕೆ. ಚಿಕ್ಕವನಿದ್ದಾಗ ನಮ್ಮ ಅತ್ತೆ ಕರೆದುಕೊಂಡು ಹೋಗಿದ್ದರು. ನೀರಿಗೆ ಕಾಲಿಡೋಕೆ ಓಡಿದವನನ್ನು ಹಿಡಿದು ನಿಲ್ಲಿಸಿ, "ಮೊದಲು ಕೈಯಲ್ಲಿ ತಗೊಂಡು ತಲೆಗೆ ಹಾಕ್ಕೊ, ಆಮೇಲೆ ಕಾಲು" ಅಂದರು. ಈಗಲೂ ಯಾವ ಹೊಳೆಗೆ ಹೋದರೂ ನನ್ನ ಕೈ ಮೊದಲು ಬಗ್ಗುತ್ತದೆ.

ಆ ನೀರು ಎಲ್ಲಿಗೆ ಹೋಗುತ್ತದೆ?

ಇದನ್ನು ಕೇಳುವವರು ಕಡಿಮೆ. ಕೇಳಿದರೆ ನನಗೆ ಖುಷಿ.

ಇರ್ಪುವಿನಿಂದ ಇಳಿದ ಲಕ್ಷ್ಮಣ ತೀರ್ಥ ನಮ್ಮ ಗದ್ದೆಗಳ ನಡುವೆ ಹರಿದು, ನಾಗರಹೊಳೆ ಕಾಡಿನ ಬದಿಯಲ್ಲಿ ಹಾದು, ಹನಗೋಡು ಅಣೆಕಟ್ಟೆ, ಹುಣಸೂರು ದಾಟಿ ಕೃಷ್ಣರಾಜಸಾಗರ ಸೇರುತ್ತದೆ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯೂ ಅಲ್ಲಿಗೇ ಬರುತ್ತದೆ, ಹೇಮಾವತಿಯೂ ಅಲ್ಲಿಗೇ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಅಲ್ಲಿಂದ ಕೆಳಗೆ ಹರಿದ ಹೊಳೆಯದೇ. ಇರ್ಪುವಿನಲ್ಲಿ ಬಿಸ್ಕತ್ತಿನ ಕವರ್ ಎಸೆದ ಬೆಂಗಳೂರಿನ ಹುಡುಗನಿಗೆ ನಾನು ಇದನ್ನೇ ಹೇಳಿದ್ದೆ. ಹುಡುಗ ಒಳ್ಳೆಯವನು, ಇಳಿದು ಹೋಗಿ ಎತ್ತಿಕೊಂಡು ಬಂದ.

ಉತ್ತರ ಕೊಡಗಿನ ಮಲ್ಲಳ್ಳಿ ಜಲಪಾತದ ನೀರಿನ ದಾರಿ ಬೇರೆ. ಅದು ಕುಮಾರಧಾರಾ. ಪಶ್ಚಿಮಕ್ಕೆ ಇಳಿದು, ಕುಕ್ಕೆ ಸುಬ್ರಹ್ಮಣ್ಯ ಮುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣದ ಬರಪೊಳೆಯೂ ಪಶ್ಚಿಮಕ್ಕೇ, ಕೇರಳದ ಕಡೆಗೆ. ಒಂದೇ ಮಳೆ, ಒಂದೇ ಸಾಲು ಬೆಟ್ಟ. ಹನಿ ಈ ಕಡೆ ಬಿದ್ದರೆ ಬಂಗಾಳ ಕೊಲ್ಲಿ, ಆ ಕಡೆ ಬಿದ್ದರೆ ಅರಬ್ಬಿ ಸಮುದ್ರ.

ಮಲ್ಲಳ್ಳಿ ತುಂಬಾ ದೂರ ಅಂತಾರೆ. ಹೋಗಲೇಬೇಕಾ?

ಹೋಗಲೇಬೇಕು. ಸೋಮವಾರಪೇಟೆಯಿಂದ ಶಾಂತಳ್ಳಿ ಮೇಲೆ ಸುಮಾರು 25 ಕಿಲೋಮೀಟರ್. ಇರ್ಪುವಿಗೆ ಹತ್ತಿ ಹೋಗಬೇಕು, ಇಲ್ಲಿ ಇಳಿದು ಹೋಗಬೇಕು. ಅದಕ್ಕೇ ಇದು ಮನಸ್ಸಿಗೆ ಬೇರೆ ಥರ ತಾಗುತ್ತದೆ. ಮೇಲಿನ ವೀಕ್ಷಣಾ ಜಾಗದಲ್ಲಿ ನಿಂತರೆ ಎದುರಿನ ಹಸಿರು ಕಣಿವೆಯಲ್ಲಿ ಇಡೀ ಜಲಪಾತ ಒಂದೇ ನೋಟಕ್ಕೆ ಕಾಣುತ್ತದೆ. ಹಿಂದೆ ಪುಷ್ಪಗಿರಿ, 1,712 ಮೀಟರ್. ಸುಬ್ರಹ್ಮಣ್ಯದ ಕಡೆಯವರು ಕುಮಾರ ಪರ್ವತ ಅನ್ನುವುದು ಇದನ್ನೇ.

ಕೆಳಗೆ ಹೋಗಲು ಮೆಟ್ಟಿಲುಗಳನ್ನು ಮಾಡಿದ್ದಾರೆ. ಇಳಿಯೋಕೆ ಸುಲಭ, ವಾಪಸ್ ಹತ್ತುವಾಗ ಮೊಣಕಾಲು ಮಾತಾಡುತ್ತದೆ. ನಮ್ಮ ಚಿಕ್ಕಪ್ಪ ಅರವತ್ತು ದಾಟಿದವರು. ಅರ್ಧ ಇಳಿದು, ಅಲ್ಲೇ ಕಲ್ಲಿನ ಮೇಲೆ ಕೂತು, "ನೀವು ಹೋಗಿ ಬನ್ನಿ, ನನಗೆ ಇಲ್ಲಿಂದಲೇ ಎಲ್ಲ ಕಾಣ್ತದೆ" ಅಂದರು. ನಿಜವಾಗಿಯೂ ಕಾಣುತ್ತದೆ. ಅರ್ಧಕ್ಕೆ ನಿಂತವರಿಗೆ ನಷ್ಟವೇನೂ ಇಲ್ಲ.

ಮಂಜು ಬಂದರೆ ಮಾತ್ರ ಕಣಿವೆ ಮುಚ್ಚಿ ಹೋಗುತ್ತದೆ. ಶಬ್ದ ಮಾತ್ರ ಇರುತ್ತದೆ. ವಾಪಸ್ ಹೊರಡಬೇಡಿ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಕಾಯಿರಿ. ಮಂಜು ಪರದೆ ಸರಿದ ಹಾಗೆ ಸರಿದು ನೀರು ಮೇಲಿಂದ ಕೆಳಗೆ ಒಂದೊಂದೇ ತುಂಡಾಗಿ ಕಾಣುವ ಗಳಿಗೆ ಇದೆಯಲ್ಲ, ಅದು ಕಾದವರಿಗಷ್ಟೇ ಸಿಗುವುದು.

ಅಬ್ಬಿ ಫಾಲ್ಸ್ ಹೇಗೆ?

ಮಡಿಕೇರಿಯಿಂದ ಎಂಟು ಕಿಲೋಮೀಟರ್ ಆಸುಪಾಸು. ಹತ್ತಿರ ಇರುವುದರಿಂದ ಜನ ಜಾಸ್ತಿ. ಕಾಫಿ, ಕರಿಮೆಣಸು, ಏಲಕ್ಕಿ ತೋಟದ ನಡುವೆ ಮೆಟ್ಟಿಲು ಇಳಿದು ಹೋದರೆ ಎದುರಿಗೇ ಸುಮಾರು 70 ಅಡಿಯ ಅಬ್ಬಿ. ಕೊಡವ ಭಾಷೆಯಲ್ಲಿ ಅಬ್ಬಿ ಅಂದರೇ ಜಲಪಾತ, ಹಾಗಾಗಿ ಸುಮ್ನೆ "ಅಬ್ಬಿ" ಅಂದರೂ ಸಾಕು. ಬ್ರಿಟಿಷರ ಕಾಲದಲ್ಲಿ ಪಾದ್ರಿಯೊಬ್ಬರ ಮಗಳ ಹೆಸರಲ್ಲಿ ಜೆಸ್ಸಿ ಫಾಲ್ಸ್ ಅಂತ ಕರೆಯುತ್ತಿದ್ದರಂತೆ. ಆ ಹೆಸರು ಉಳಿಯಲಿಲ್ಲ, ನಮ್ಮದೇ ಉಳಿಯಿತು.

ಬೆಳಗ್ಗೆ ಬೇಗ ಹೋಗಿ. ಶನಿವಾರ, ಭಾನುವಾರ ಹನ್ನೊಂದು ಗಂಟೆ ಮೇಲೆ ಹೋದರೆ ನೀರಿಗಿಂತ ಗಾಡಿಗಳ ಸಾಲೇ ಉದ್ದ ಕಾಣುತ್ತದೆ.

ನೀರಿಗೆ ಇಳಿಯಬಹುದಾ? ಈಜು ಬರುತ್ತದೆ.

ಈಜು ಬರುವವರೇ ಹೆಚ್ಚು ಸಾಯುತ್ತಾರೆ ಅಂತ ನಮ್ಮೂರಿನ ಹಿರಿಯರು ಹೇಳುತ್ತಾರೆ. ಕಠಿಣ ಮಾತು, ಆದರೆ ಹೇಳದೆ ಇರಲು ನನಗೆ ಆಗುವುದಿಲ್ಲ.

ಅಬ್ಬಿಯಲ್ಲಿ ಇಳಿಯುವಂತೆಯೇ ಇಲ್ಲ. ಮಲ್ಲಳ್ಳಿಯಲ್ಲೂ ಬೇಡ. ಇರ್ಪುವಿನಲ್ಲಿ ನೀರು ಕಡಿಮೆ ಇರುವ ತಿಂಗಳಲ್ಲಿ, ಅಲ್ಲಿನ ಸಿಬ್ಬಂದಿ ಬಿಟ್ಟರೆ, ಅವರು ತೋರಿಸಿದ ಕಡೆ ಮಾತ್ರ ಕಾಲು ನೆನೆಸಿಕೊಳ್ಳಿ. ಚೇಲಾವರದ ವಿಷಯ ಬೇರೆಯೇ ಹೇಳಬೇಕು.

ಚೇಲಾವರ ಇರುವುದು ಚೆಯ್ಯಂಡಾಣೆ ಹತ್ತಿರ, ವಿರಾಜಪೇಟೆಯಿಂದ ಸುಮಾರು 16 ಕಿಲೋಮೀಟರ್. ಬಂಡೆ ಆಮೆಯ ಬೆನ್ನಿನ ಹಾಗೆ ಉಬ್ಬಿದೆ, ಅದರ ಮೇಲೆ ನೀರು ಹರಡಿಕೊಂಡು ಜಾರುತ್ತದೆ. ನೋಡಲು ಬಹಳ ಸೌಮ್ಯ. ಅದೇ ಮೋಸ. ಕೆಳಗಿನ ಗುಂಡಿ ಆಳ, ಅಲ್ಲಿ ಎಷ್ಟೋ ಹುಡುಗರು ಜೀವ ಕಳೆದುಕೊಂಡಿದ್ದಾರೆ.

ಕಾಲೇಜಿನ ದಿನಗಳಲ್ಲಿ ನಾನೇ ಅಲ್ಲಿ ಜಾರಿದ್ದೆ. ಬಂಡೆ ಒಣಗಿದ ಹಾಗೆ ಕಾಣುತ್ತಿತ್ತು. ಕಪ್ಪು ಬಣ್ಣ, ಮೇಲೆ ತೆಳ್ಳಗೆ ಹಸಿರು. ಬೆಂಡೆಕಾಯಿ ಕೊಯ್ದಾಗ ಕೈಗೆ ಹತ್ತುವ ಲೋಳೆ ಇರುತ್ತದಲ್ಲ, ಹಾಗಿತ್ತು ಕಾಲ ಕೆಳಗೆ. ಒಂದು ಹೆಜ್ಜೆ ಇಟ್ಟೆ, ಅಷ್ಟೇ. ಎರಡಾಳುದ್ದ ಜಾರಿ, ಒಂದು ಬೇರು ಕೈಗೆ ಸಿಕ್ಕಿ ನಿಂತೆ. ಚಪ್ಪಲಿ ಕೆಳಗೆ ನೀರಿಗೆ ಬಿತ್ತು. ಅದು ಸುತ್ತಿ ಸುತ್ತಿ ಒಳಗೆ ಹೋಯಿತು, ಮತ್ತೆ ಮೇಲೆ ಬರಲೇ ಇಲ್ಲ. ಆ ಚಪ್ಪಲಿ ತಿರುಗಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜೊತೆಗಿದ್ದವರು ಶಾಲು ಎಸೆದು ಎಳೆದುಕೊಂಡರು. ಮನೆಯಲ್ಲಿ ಹೇಳಲು ಎರಡು ವರ್ಷ ಬೇಕಾಯಿತು.

ದೂರದಿಂದ ನೋಡಿ. ಬೇಲಿ ಇದ್ದರೆ ಬೇಲಿಯ ಈ ಕಡೆ. ಬೇಲಿ ಇಲ್ಲದಿದ್ದರೆ ಒಣ ಮಣ್ಣು ಮುಗಿಯುವಲ್ಲಿ ನಿಲ್ಲಿ. ಇನ್ನೊಂದು ವಿಷಯ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಸುರಿದಿರಬಹುದು. ನೀರಿನ ಬಣ್ಣ ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರೋಕೆ ಶುರುವಾದರೆ, ಮಾತಾಡದೆ ಮೇಲೆ ಹತ್ತಿ.

ಯಾವ ತಿಂಗಳು ಬಂದರೆ ಒಳ್ಳೆಯದು?

ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ. ಮಳೆಯ ಜೋರು ಇಳಿದಿರುತ್ತದೆ, ನೀರು ಇನ್ನೂ ತುಂಬಿರುತ್ತದೆ, ಕೆಸರು ಬಣ್ಣ ಹೋಗಿ ಬಿಳಿಯಾಗಿರುತ್ತದೆ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣ ಬರುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ. ಆ ದಿನಗಳಲ್ಲಿ ಭಾಗಮಂಡಲದ ಕಡೆ ಜನಸಾಗರ. ಬರುವವರು ಭಕ್ತಿಯಿಂದ ಬನ್ನಿ, ಸುತ್ತಾಡೋಕೆ ಬೇರೆ ದಿನ ಇಟ್ಟುಕೊಳ್ಳಿ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮಗೆ ಕಕ್ಕಡ ತಿಂಗಳು. ಅಬ್ಬಿಗಳು ಅಬ್ಬರಿಸುವ ಕಾಲ ಅದೇ. ಆದರೆ ಮಳೆ, ಗಾಳಿ, ಮರ ಬೀಳುವುದು, ಕರೆಂಟ್ ಇಲ್ಲದಿರುವುದು ಎಲ್ಲ ಜೊತೆಗೇ ಬರುತ್ತದೆ. ಜನವರಿ ಮೇಲೆ ನೀರು ಇಳಿಯುತ್ತಾ ಹೋಗುತ್ತದೆ.

ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ ಅಂತ ಭಯ. ಬರಬಹುದಾ?

ಭಯ ಸುಳ್ಳಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟಗಳೇ ಕೆಳಗೆ ಬಂದವು. ಮನೆ, ತೋಟ, ಗದ್ದೆ ಎಲ್ಲ ಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬ ಮಣ್ಣಿನಡಿ ಸೇರಿತು. ನಾವು ಅದನ್ನು ಮರೆತಿಲ್ಲ.

ಹವಾಮಾನ ಇಲಾಖೆ ರೆಡ್ ಅಥವಾ ಆರೆಂಜ್ ಅಲರ್ಟ್ ಕೊಟ್ಟರೆ ಬರಬೇಡಿ. ರೂಮ್ ಬುಕ್ ಮಾಡಿದ ದುಡ್ಡು ಹೋಗುತ್ತದೆ ಅಂತ ಹೊರಡಬೇಡಿ. ಜಿಲ್ಲಾಡಳಿತ ಪ್ರವಾಸಿ ತಾಣ ಮುಚ್ಚಿದರೆ ಮುಚ್ಚಿದೆ ಅಂತಲೇ ಅರ್ಥ. ಒಳದಾರಿ ತೋರಿಸುತ್ತೇನೆ ಅನ್ನುವವರು ಸಿಗಬಹುದು. ಹೋಗಬೇಡಿ. ಮಳೆಯ ದಿನ ನೀವು ಸಿಕ್ಕಿಹಾಕಿಕೊಂಡರೆ ಹಗ್ಗ ಹಿಡಿದು ಬರುವವರು ಇದೇ ಊರಿನ ಹುಡುಗರು. ಅವರ ಮನೆಯಲ್ಲೂ ಕಾಯುವವರು ಇರುತ್ತಾರೆ.

ಬ್ರಹ್ಮಗಿರಿ ತಲಕಾವೇರಿಯಲ್ಲಿದೆಯಾ, ಇರ್ಪುವಿನಲ್ಲಿದೆಯಾ?

ಎರಡು ಕಡೆಯೂ ಇದೆ! ತಲಕಾವೇರಿಯ ಬೆಟ್ಟಕ್ಕೂ ಬ್ರಹ್ಮಗಿರಿ ಅಂತಲೇ ಹೆಸರು, ಇರ್ಪುವಿನ ಮೇಲಿನ ಸಾಲಿಗೂ ಅದೇ ಹೆಸರು. ಚಾರಣ ಅಂತ ಜನ ಹೇಳುವುದು ಹೆಚ್ಚಾಗಿ ಇರ್ಪುವಿನದ್ದು. ತುದಿ 1,608 ಮೀಟರ್, ಆ ಕಡೆ ಕೇರಳದ ವಯನಾಡು, ತಿರುನೆಲ್ಲಿ. ಮೊದಲು ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡು, ಆಮೇಲೆ ಹುಲ್ಲುಗಾವಲು. ದಾರಿಯಲ್ಲಿ ನರಿಮಲೆ ಅರಣ್ಯ ಶಿಬಿರ ಸಿಗುತ್ತದೆ. ಇರ್ಪುವಿನ ನೀರು ಹುಟ್ಟುವುದು ಈ ಹುಲ್ಲಿನ ಬುಡದಲ್ಲೇ. ಮಳೆಗಾಲದಲ್ಲಿ ಕುಡಿದ ನೀರನ್ನು ಶೋಲಾ ಕಾಡು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತದೆ.

ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ನೋಡಿ. ಬೆಂಕಿಯ ಕಾಲದಲ್ಲೂ ಜೋರು ಮಳೆಯಲ್ಲೂ ಮುಚ್ಚಿರುತ್ತದೆ. ಬೆಳಗ್ಗೆ ಹೊರಟರೆ ವಾಪಸ್ ಬರುವಾಗ ಸಂಜೆ, ಹಾಗಾಗಿ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ನಾಗರಹೊಳೆ ಕಾಡಿನೊಳಗೆ ಕೆರೆ ನೋಡಬಹುದಾ?

ನೋಡಬಹುದು, ಆದರೆ ಸಫಾರಿ ಗಾಡಿಯಿಂದ ಮಾತ್ರ. ಕೊಡಗಿನ ಕಡೆಯಿಂದ ಸಫಾರಿ ಹೊರಡುವುದು ಕುಟ್ಟದ ಹತ್ತಿರದ ನಾಣಚ್ಚಿ ಗೇಟಿನಿಂದ. ಮೈಸೂರು ಕಡೆಯಿಂದ ವೀರನಹೊಸಹಳ್ಳಿ ಮತ್ತು ದಮ್ಮನಕಟ್ಟೆ. ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರ ಎರಡರಲ್ಲೂ ನಿಲ್ಲಿಸಿದ್ದರು.

ಕೆರೆಗಿಂತಲೂ ನಾನು ನೋಡಿ ಅಂತ ಹೇಳುವುದು ಹಡ್ಲು. ಕಾಡಿನ ನಡುವೆ ಮರವಿಲ್ಲದ ಜೌಗು ಹುಲ್ಲುಗಾವಲು ಅದು. ಮೇಲೆ ನೀರು ಕಾಣುವುದಿಲ್ಲ, ಮಣ್ಣಿನಡಿ ಇರುತ್ತದೆ. ಅದಕ್ಕೇ ಸುತ್ತಲಿನ ಕಾಡು ಒಣಗಿ ಕಂದಾದಾಗಲೂ ಹಡ್ಲು ಹಸಿರು. ಕಾಟಿ (ಕಾಡೆಮ್ಮೆ), ಜಿಂಕೆ, ಆನೆ ಎಲ್ಲ ಅಲ್ಲಿಗೆ ಬರುತ್ತವೆ. ಗಾಡಿ ನಿಂತು, ಇಂಜಿನ್ ಆಫ್ ಆದಾಗ ಸುಮ್ಮನೆ ಕೂತರೆ ಕಾಟಿ ಹುಲ್ಲು ಕೀಳುವ ಸದ್ದು ಕೇಳುತ್ತದೆ. ಚರ್ ಚರ್ ಅಂತ, ನಮ್ಮ ಕೊಟ್ಟಿಗೆಯ ಹಸುವಿನದ್ದೇ ಸದ್ದು, ಆದರೆ ಎರಡರಷ್ಟು ಗಟ್ಟಿ.

ದೊಡ್ಡ ನೀರು ಬೇಕೆಂದರೆ ಕಬಿನಿ ಹಿನ್ನೀರು. ಅದು ಹೆಗ್ಗಡದೇವನಕೋಟೆ ತಾಲೂಕು, ಕೊಡಗಲ್ಲ. 1974ರಲ್ಲಿ ಅಣೆಕಟ್ಟು ಆದ ಮೇಲೆ ನಿಂತ ನೀರದು. ಅದರ ಒಂದು ದಡ ನಾಗರಹೊಳೆ, ಇನ್ನೊಂದು ಬಂಡೀಪುರ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕಡೆ ಹೊಸ ಹುಲ್ಲು ಚಿಗುರುತ್ತದೆ. ಆಗ ಆನೆಗಳ ಹಿಂಡು ಹಿಂಡೇ ಅಲ್ಲಿ ಸೇರುತ್ತದೆ.

ಒಂದು ಮಾತು. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಈ ಕಾಡಿನಲ್ಲಿ ತಲೆತಲಾಂತರದಿಂದ ಇರುವವರು. ಯಾವ ಹೊಳೆ ಯಾವಾಗ ಒಣಗುತ್ತದೆ, ಯಾವ ಕೆರೆಗೆ ಆನೆ ಯಾವ ಹೊತ್ತಿಗೆ ಬರುತ್ತದೆ ಅಂತ ಅವರಷ್ಟು ಬಲ್ಲವರು ಇಲ್ಲ. ದಾರಿಯಲ್ಲಿ ಹಾಡಿ ಕಂಡರೆ ಕ್ಯಾಮೆರಾ ಹಿಡಿದು ಇಳಿಯಬೇಡಿ. ಅದು ಅವರ ಮನೆ.

ಕೊಡಗಿನಲ್ಲೇ ಒಳ್ಳೆಯ ಕೆರೆ ಯಾವುದು?

ಹೊನ್ನಮ್ಮನ ಕೆರೆ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯಲ್ಲಿದೆ. ಮಲ್ಲಳ್ಳಿಗೆ ಹೋಗುವವರು ಇದನ್ನು ಬಿಟ್ಟು ಹೋಗುತ್ತಾರೆ, ನನಗೆ ಅದು ಬೇಜಾರು. ಕೊಡಗಿನ ದೊಡ್ಡ ಕೆರೆ ಅಂತ ಹೆಸರಾದದ್ದು.

ಕೆರೆ ತೋಡಿದರಂತೆ, ನೀರು ಬರಲಿಲ್ಲವಂತೆ. ಊರಿಗಾಗಿ ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳಂತೆ, ಆಗ ನೀರು ಉಕ್ಕಿತಂತೆ. ಗೌರಿ ಹಬ್ಬದ ದಿನ ಹೆಂಗಸರು ಬಂದು ಬಾಗಿನ ಬಿಡುತ್ತಾರೆ. ಒಂದು ಸಲ ನಾನು ಅದನ್ನು ಹತ್ತಿರದಿಂದ ನೋಡಿದೆ. ಬಿದಿರಿನ ಮೊರ, ಅದರಲ್ಲಿ ಅರಿಶಿನ, ಕುಂಕುಮ, ಹಸಿರು ಗಾಜಿನ ಬಳೆ, ಕನ್ನಡಿ, ಬೆಲ್ಲ, ಧಾನ್ಯ. ಮೇಲೊಂದು ಮೊರ ಮುಚ್ಚಿತ್ತು. ಅಜ್ಜಿಯೊಬ್ಬರು ಮೊಣಕಾಲುದ್ದ ನೀರಿಗೆ ಇಳಿದು, ಮೊರವನ್ನು ಬಿಡುವ ಮುಂಚೆ ಒಂದು ಕ್ಷಣ ಹಾಗೇ ಹಿಡಿದುಕೊಂಡರು. ಬಿಟ್ಟ ಮೇಲೆ, "ತಂಗಿ, ತಗೊಳ್ಳಮ್ಮ" ಅಂದರು. ದೇವರಿಗೆ ಹೇಳಿದ ಹಾಗಿರಲಿಲ್ಲ, ಮನೆ ಮಗಳಿಗೆ ಹೇಳಿದ ಹಾಗಿತ್ತು.

ಬೇರೆ ದಿನ ಹೋದರೆ ಅಲ್ಲಿ ಗಲಾಟೆ ಇಲ್ಲ. ಏರಿಯ ಮೇಲೆ ಅರ್ಧ ಗಂಟೆ ಕೂತು ಬನ್ನಿ.

ಚಿಕ್ಲಿಹೊಳೆ, ಹಾರಂಗಿ?

ಎರಡೂ ಅಣೆಕಟ್ಟು. ಹಾರಂಗಿ ಕುಶಾಲನಗರದ ಹತ್ತಿರ, 8.5 ಟಿಎಂಸಿ ನೀರು ಹಿಡಿಯುತ್ತದೆ, ತುಂಬಿದಾಗ ಗೇಟು ತೆಗೆದರೆ ನೋಡಲು ಚೆನ್ನ. ಚಿಕ್ಲಿಹೊಳೆ ಸಣ್ಣದು, ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ. ಅದರ ಕೋಡಿ ಬಾಗಿದ ಗೋಡೆಯ ಹಾಗಿದೆ. ತುಂಬಿದಾಗ ನೀರು ಸುತ್ತಲಿಂದ ಒಳಕ್ಕೆ ಮಡಚಿಕೊಂಡು ಬೀಳುತ್ತದೆ, ಮಡಕೆಯ ಬಾಯಿಯಿಂದ ಒಳಗೆ ಇಳಿದ ಹಾಗೆ. ಸಂಜೆ ಹೊತ್ತಿಗೆ ಹೋಗಿ. ಕೋಡಿಯ ಗೋಡೆಯ ಮೇಲೆ ನಡೆಯಬೇಡಿ.

ಜಿಗಣೆ ಕಾಟ ಜಾಸ್ತಿನಾ?

ಮಳೆಗಾಲದಲ್ಲಿ ಜಾಸ್ತಿಯೇ. ಜಿಗಣೆ ಕಚ್ಚಿದರೆ ಜೀವಕ್ಕೆ ಅಪಾಯ ಇಲ್ಲ. ಕಾಲಿಗೆ ಕೊಬ್ಬರಿ ಎಣ್ಣೆ ಅಥವಾ ಸುಣ್ಣ ಮತ್ತು ಹೊಗೆಸೊಪ್ಪು ಹಚ್ಚಿಕೊಳ್ಳುವುದು ತೋಟದವರ ರೂಢಿ. ಕಚ್ಚಿಕೊಂಡದ್ದನ್ನು ಜಗ್ಗಿ ಎಳೆಯಬೇಡಿ. ಉಗುರಿನಿಂದ ಬಾಯಿಯ ಬದಿಗೆ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ. ತೊಳೆದು ಒತ್ತಿ ಹಿಡಿದರೆ ಸಾಕು.

ದಾರಿಯಲ್ಲಿ ಆನೆ ಸಿಕ್ಕರೆ?

ದಕ್ಷಿಣ ಕೊಡಗಿನಲ್ಲಿ ಸಂಜೆ ಆರರ ಮೇಲೆ ತೋಟದ ರಸ್ತೆಗಳಲ್ಲಿ ಸಿಗಬಹುದು. ಹಾರ್ನ್ ಮಾಡಬೇಡಿ. ದೂರದಲ್ಲೇ ನಿಲ್ಲಿಸಿ, ಲೈಟ್ ಡಿಮ್ ಮಾಡಿ, ನಿಧಾನ ರಿವರ್ಸ್ ಹೋಗಿ. ಮರಿ ಇದ್ದರೆ ಇನ್ನಷ್ಟು ದೂರ. ಫೋಟೊಗೆ ಇಳಿಯುವುದಂತೂ ಬೇಡವೇ ಬೇಡ. ನಮ್ಮ ತೋಟದ ಕೆಲಸದವರು ಬೆಳಗ್ಗೆ ಲೈನ್ ಮನೆಯಿಂದ ಹೊರಡುವ ಮುಂಚೆ ಆನೆ ಎಲ್ಲಿದೆ ಅಂತ ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ. ನೀವೂ ಉಳಿದುಕೊಂಡ ಮನೆಯವರನ್ನು ಕೇಳಿಯೇ ಹೊರಡಿ. ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಸಂಜೆ ಆರಕ್ಕೆ ಗೇಟು ಹಾಕುತ್ತಾರೆ, ಆ ಲೆಕ್ಕ ಇಟ್ಟುಕೊಂಡು ಹೊರಡಿ.

ಎರಡು ದಿನ ಇದೆ. ಹೇಗೆ ನೋಡೋದು?

ಒಂದು ದಿನ ಉತ್ತರ, ಒಂದು ದಿನ ದಕ್ಷಿಣ. ಮೊದಲ ದಿನ ಸೋಮವಾರಪೇಟೆ ಕಡೆ ಮಲ್ಲಳ್ಳಿ, ಹೊನ್ನಮ್ಮನ ಕೆರೆ. ಎರಡನೇ ದಿನ ಗೋಣಿಕೊಪ್ಪ, ಶ್ರೀಮಂಗಲ ಮೇಲೆ ಇರ್ಪು, ಸಮಯ ಇದ್ದರೆ ನಾಣಚ್ಚಿಯಲ್ಲಿ ಸಫಾರಿ. ಎಲ್ಲವನ್ನೂ ಒಂದೇ ದಿನ ತುರುಕಬೇಡಿ. ಮ್ಯಾಪಿನಲ್ಲಿ 80 ಕಿಲೋಮೀಟರ್ ಅಂದರೆ ನಮ್ಮ ತಿರುವುಗಳಲ್ಲಿ ಎರಡೂವರೆ ಗಂಟೆ. ಮಕ್ಕಳಿಗೆ ವಾಂತಿ ಬೇರೆ. ಒಂದು ನಿಂಬೆಹಣ್ಣು ಕೈಯಲ್ಲಿರಲಿ.

ಕಾರಿಲ್ಲ, ಬಸ್ಸಲ್ಲಿ ಆಗುತ್ತಾ?

ಆಗುತ್ತದೆ. ಕೊಡಗಿಗೆ ರೈಲಿಲ್ಲ, ಮೈಸೂರಿನವರೆಗೆ ರೈಲಿನಲ್ಲಿ ಬಂದು ಬಸ್ ಹಿಡಿಯಬಹುದು. ಬೆಂಗಳೂರಿನಿಂದ ಮಡಿಕೇರಿ ಸುಮಾರು 260, ಮೈಸೂರಿನಿಂದ 120 ಕಿಲೋಮೀಟರ್. ಇರ್ಪುವಿಗೆ ಕುಟ್ಟದ ಬಸ್ ಹತ್ತಿ, ಇರ್ಪು ತಿರುವಿನಲ್ಲಿ ಇಳಿಸಿ ಅಂತ ಕಂಡಕ್ಟರಿಗೆ ಹೇಳಿ. ಮಲ್ಲಳ್ಳಿಗೆ ಸೋಮವಾರಪೇಟೆಯಿಂದ ಆಟೊ ಅಥವಾ ಜೀಪು ಮಾಡಿಕೊಳ್ಳುವುದೇ ಸರಿ. ಕಾಯುವುದಕ್ಕೂ ಸೇರಿಸಿ ಬಾಡಿಗೆ ಮೊದಲೇ ಮಾತಾಡಿ.

ಊಟಕ್ಕೆ ಏನು ಸಿಗುತ್ತದೆ?

ಜಲಪಾತದ ಹತ್ತಿರ ಚುರುಮುರಿ, ಜೋಳ, ಟೀ ಅಷ್ಟೇ. ಊಟ ಪೇಟೆಯಲ್ಲಿ ಮಾಡಿ. ಅಕ್ಕಿ ರೊಟ್ಟಿ, ಕಡುಬು, ನೂಲುಪುಟ್ಟು, ಮಳೆಗಾಲವಾದರೆ ಕಣಿಲೆ (ಎಳೆ ಬಿದಿರು) ಸಾರು. ಆಗಸ್ಟ್ 3ರ ಆಸುಪಾಸಿಗೆ ಬಂದರೆ ಮದ್ದುಸೊಪ್ಪಿನ ಪಾಯಸ ಕೇಳಿ. ನೇರಳೆ ಬಣ್ಣ, ಕಾಡಿನ ವಾಸನೆ. ಕಕ್ಕಡದ ಹದಿನೆಂಟನೇ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರಿರುತ್ತದೆ ಅಂತ ನಂಬಿಕೆ.

ನಮಗೆ ರಜೆ ಸಿಗೋದೇ ಏಪ್ರಿಲ್‌ನಲ್ಲಿ. ಆಗ ಬಂದರೆ ಏನೂ ಇರೋದಿಲ್ವಾ?

ಜಲಪಾತ ಅಂತ ಬಂದರೆ ನಿರಾಸೆ ಆಗಬಹುದು. ಆದರೆ ಬನ್ನಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಏಳೆಂಟು ದಿನಕ್ಕೆ ಕಾಫಿ ಅರಳುತ್ತದೆ. ರಸ್ತೆಯ ಎರಡೂ ಬದಿ ಬೆಳ್ಳಗಾಗಿ, ಕಾರಿನ ಕಿಟಕಿ ಇಳಿಸಿದರೆ ಮಲ್ಲಿಗೆಯಂಥ ಘಮ. ಹಡ್ಲಿನಲ್ಲಿ ಹಸಿರು ಇರುತ್ತದೆ, ಕಬಿನಿ ದಡದಲ್ಲಿ ಆನೆಗಳಿರುತ್ತವೆ.

ಇರ್ಪುವಿಗೂ ಹೋಗಿ. ಆ ದೊಡ್ಡ ಬಂಡೆಯ ಮೇಲೆ ಆಗ ನೀರು ಒಂದು ಜಡೆಯಷ್ಟು ಮಾತ್ರ ಇಳಿಯುತ್ತಿರುತ್ತದೆ. ಮಳೆಗಾಲದಲ್ಲಿ ಪಕ್ಕದವರ ಮಾತು ಕೇಳಿಸದ ಜಾಗದಲ್ಲಿ ಈಗ ಹಕ್ಕಿ ಕೂಗಿದ್ದು ಕೇಳುತ್ತದೆ. ಬಂಡೆಗೆ ಬೆನ್ನು ಕೊಟ್ಟು ಕೂತರೆ ಕಲ್ಲಿನ ತಂಪು ಅಂಗಿ ದಾಟಿ ಬರುತ್ತದೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಆರು ವರ್ಷ ಅವಳಿಗೆ. ನಾನು ಹೇಳುವ ಮುಂಚೆಯೇ ಬಗ್ಗಿ, ಕೈಯಲ್ಲಿ ಒಂದಿಷ್ಟು ನೀರು ತೆಗೆದುಕೊಂಡು ತಲೆಗೆ ಹಾಕಿಕೊಂಡಳು.